ಖೋ ಖೋ: ಕಪ್ ಗೆಲ್ಲುವ ಕಾಲೇಜಾ, ಆಟ ಕಲಿಸುವ ಕಾಲೇಜಾ?

ಮದ್ದೂರು_ಚೇಸರ್:

ಎಲ್ಲರಿಗೂ ನಮಸ್ಕಾರ. ಮದ್ದೂರಿನಲ್ಲಿ ನಂದೊಂದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇದೆ. ಡಿಗ್ರಿ ಓದುವಾಗ ಕಾಲೇಜಿಗೆ ಖೋ ಖೋ ಆಡುತ್ತಿದ್ದೆ. ಚೇಸಿಂಗ್‌ನಲ್ಲಿ, ಅಂದರೆ ಅಟ್ಟಿ ಮುಟ್ಟುವುದರಲ್ಲಿ ಪರವಾಗಿಲ್ಲ, ಓಡುವ ಸರದಿ ಬಂದರೆ ಮೂವರ ಬ್ಯಾಚಿನಲ್ಲಿ ಮೊದಲು ಔಟ್ ಆಗುವವನು ನಾನೇ. ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಅಂತರ ಕಾಲೇಜು ಪಂದ್ಯ ಮಂಡ್ಯದಲ್ಲಿರಲಿ, ಮೈಸೂರಿನಲ್ಲಿರಲಿ, ತಮ್ಮನನ್ನು ಅಂಗಡಿಯಲ್ಲಿ ಕೂರಿಸಿ ಹೊರಟುಬಿಡುತ್ತೇನೆ.

ವಿಷಯ ಏನಂದರೆ, ನಮ್ಮ ಅಣ್ಣನ ಮಗಳು ಸೆಕೆಂಡ್ ಪಿಯು ಮುಗಿಸುತ್ತಿದ್ದಾಳೆ. ಡಿಫೆಂಡರ್, ಅಂದರೆ ಸಿಗದ ಹಾಗೆ ಓಡುವವಳು. ಸಿಂಗಲ್ ಚೈನ್‌ನಲ್ಲಿ, ಅಂದರೆ ಕೂತವರನ್ನು ಒಬ್ಬೊಬ್ಬರಾಗಿ ಬಳಸಿ ಅಂಕುಡೊಂಕಾಗಿ ಓಡುವಾಗ, ಅವಳನ್ನು ಹಿಡಿಯೋದು ಕಷ್ಟ. ರಿಂಗ್ ಆಡೋಕೆ, ಅಂದರೆ ಕೂತ ಕೆಲವರ ಸುತ್ತ ಸುತ್ತಿ ಓಡೋಕೆ ಹೋದರೆ ಮಾತ್ರ ಬೇಗ ಸುಸ್ತಾಗುತ್ತಾಳೆ, ಎಡಕ್ಕೆ ತಿರುಗುವಾಗ ಕಾಲು ತಡವರಿಸುತ್ತದೆ. ಎರಡು ಕಾಲೇಜಿನವರು ಕರೆದಿದ್ದಾರೆ. ಒಂದು ಮೈಸೂರಿನದು. ಕಪಾಟಿನ ತುಂಬ ಕಪ್, ಹಾಸ್ಟೆಲ್ ಫ್ರೀ, ಫೀಸಿನಲ್ಲೂ ರಿಯಾಯಿತಿ. ಇನ್ನೊಂದು ಮಂಡ್ಯದ್ದು. ಹೇಳಿಕೊಳ್ಳುವಂಥ ಕಪ್ ಏನೂ ಇಲ್ಲ. ಆದರೆ ಕೋಚ್ ಹುಡುಗ ದಿನಾ ಬೆಳಿಗ್ಗೆ ತಾನೇ ಚೇಸಿಂಗ್‌ಗೆ ಕೂರುತ್ತಾನೆ.

ಮನೆಯವರೆಲ್ಲ ಮೈಸೂರು ಅಂತಿದ್ದಾರೆ. ನನಗ್ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆ ಕಪ್ ಗೆಲ್ಲುವ ತಂಡದ ಒಬ್ಬ ಹುಡುಗಿಯನ್ನು ಫಸ್ಟ್ ಇಯರ್‌ನಿಂದ ನೋಡುತ್ತಾ ಬಂದಿದ್ದೇನೆ. ಒಳ್ಳೆಯ ಚೇಸರ್. ಆದರೆ ಪೋಲ್ ಡೈವ್, ಅಂದರೆ ಅಂಕಣದ ತುದಿಯ ಕಂಬದ ಹತ್ತಿರ ಹಾರಿ ಮುಟ್ಟುವುದು, ಬರೀ ಬಲಗಡೆಗೆ. ಎದುರಾಳಿ ರನ್ನರ್‌ಗಳಿಗೆಲ್ಲ ಗೊತ್ತು, ಪೋಲ್ ಹತ್ತಿರ ಬಂದ ಕೂಡಲೇ ಇನ್ನೊಂದು ಕಡೆಗೆ ಜಾರುತ್ತಾರೆ. ಫೈನಲ್ ಇಯರ್‌ಗೆ ಬಂದರೂ ಡೈವ್ ಬರೀ ಬಲಗಡೆಗೇ. ಮೂರು ವರ್ಷದಲ್ಲಿ ಒಬ್ಬರಾದರೂ ತಿದ್ದಬಾರದಾ? ಅವಳಿಂದ ಕಾಲೇಜಿಗೆ ಕಪ್ ಬಂತು, ಕಾಲೇಜಿನಿಂದ ಅವಳಿಗೆ ಏನು ಬಂತು?

ಇನ್ನೊಂದು ಮಾತು. ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳೂ ಮೈಸೂರು ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಮಂಡ್ಯ, ಮೈಸೂರು ಕಾಲೇಜುಗಳು ಎದುರಾದರೆ ಊರುಗಳಿಂದ ಟೆಂಪೋ ಮಾಡಿಕೊಂಡು ಜನ ಬರುತ್ತಿದ್ದರು. ಮಂಡ್ಯಕ್ಕೆ ಬೇರೆ ವಿಶ್ವವಿದ್ಯಾಲಯ ಆದ ಮೇಲೆ ಆ ಜಿದ್ದು ತಣ್ಣಗಾಯಿತು ಅಂತ ನನಗನ್ನಿಸುತ್ತದೆ. ಗಟ್ಟಿ ತಂಡಗಳು ಎದುರಾಗದಿದ್ದರೆ ಮಕ್ಕಳು ಕಲಿಯುವುದಾದರೂ ಹೇಗೆ? ತಿಳಿದವರು ಹೇಳಿ.

ಪೆವಿಲಿಯನ್_ಕಟ್ಟೆ (ಮೈಸೂರು):

ಮಂಡ್ಯದವರು ಸೋತಾಗಲೆಲ್ಲ "ಆಟ ಕಲಿಸೋದು ಮುಖ್ಯ" ಅಂತ ಶುರು ಮಾಡುತ್ತೀರಿ. ಗೆದ್ದ ವರ್ಷ ಈ ಮಾತು ಕೇಳಿದ ನೆನಪಿಲ್ಲ ನನಗೆ 😄

ತಮಾಷೆ ಬಿಡಿ. ಒಂದು ವಿಷಯ ನೀವು ಮರೆತಿದ್ದೀರಿ. ಡಿಫೆಂಡರ್‌ಗೆ ಕಲಿಸುವವರು ಕೋಚ್ ಒಬ್ಬರೇ ಅಲ್ಲ, ಎದುರಿಗೆ ಕೂತಿರುವ ಎಂಟು ಚೇಸರ್‌ಗಳು. ನಿಮ್ಮ ಹುಡುಗಿ ದಿನಾ ಸಂಜೆ ಎಂಟು ಜನ ಒಳ್ಳೆಯ ಚೇಸರ್‌ಗಳ ಮಧ್ಯೆ ಓಡಿದರೆ ರಿಂಗ್ ತಾನಾಗಿಯೇ ಬರುತ್ತದೆ. ಮಂಡ್ಯದಲ್ಲಿ ಆ ಕೋಚ್ ಹುಡುಗನ ಜೊತೆ ಕೂರುವ ಉಳಿದ ಏಳು ಜನ ಯಾರು? ನಿಧಾನಕ್ಕೆ ಖೋ ಕೊಡುವವರ ಮಧ್ಯೆ ಆರು ತಿಂಗಳು ಓಡಿದರೆ ಇರುವ ಆಟವೂ ಹೋಗುತ್ತದೆ. ಕಪ್ ಸುಮ್ನೆ ಬರಲ್ಲ ಗುರು.

ಪಿಟಿ_ಮೇಷ್ಟ್ರು_ನಿವೃತ್ತ:

ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯ ಇದೆ. ಪ್ರೌಢಶಾಲೆಯಲ್ಲಿ ಮಕ್ಕಳನ್ನು ಆಡಿಸಿದವನು ನಾನು, ಆ ಕಡೆಯಿಂದ ಹೇಳುತ್ತೇನೆ.

ನಮ್ಮ ಕಡೆ ಖೋ ಖೋ ಆಟಗಾರರು ಕಾಲೇಜಿನಲ್ಲಿ ಹುಟ್ಟುವುದಿಲ್ಲ. ಹೈಸ್ಕೂಲಿನಲ್ಲಿ, ಹಳ್ಳಿಯ ಮಣ್ಣಿನ ಅಂಕಣದಲ್ಲಿ ಹುಟ್ಟುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತಲ್ಲ, ಫೈನಲ್‌ನಲ್ಲಿ ನಮ್ಮ ಮಹಿಳಾ ತಂಡ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿದ್ದ ಬಿ. ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಮೈಸೂರು ನಗರದವರಲ್ಲ, ಹಳ್ಳಿಯವರು. ಡಿಗ್ರಿಗೆ ಬರುವ ಹೊತ್ತಿಗೆ ಓಟದ ದಾರಿ, ಡೈವ್, ಖೋ ಕೊಡುವ ಕೈ ಎಲ್ಲ ಕೂತುಬಿಟ್ಟಿರುತ್ತದೆ. ಒಳ್ಳೆಯದೂ ಅಷ್ಟೇ, ಕೆಟ್ಟದ್ದೂ ಅಷ್ಟೇ. ಆ ಹುಡುಗಿಯ ಬಲಗಡೆ ಡೈವ್‌ನಲ್ಲಿ ನನ್ನಂಥ ಮೇಷ್ಟ್ರುಗಳ ಪಾಲೂ ಇದೆ. ಕಾಲೇಜಿನ ಕೆಲಸ ಅದನ್ನು ಬಿಡಿಸುವುದು, ಮೈಗೆ ಕಸುವು ತುಂಬುವುದು. ಅದಕ್ಕೆ ಪುರುಸೊತ್ತು ಬೇಕು. ಕಪ್ ಉಳಿಸಿಕೊಳ್ಳಬೇಕಾದ ಕೋಚ್‌ಗೆ ಇರದೇ ಇರುವುದು ಅದೇ.

ಕ್ರೀಡಾ ವರ್ಷ ಹೇಗೆ ನಡೆಯುತ್ತದೆ ನೋಡಿ. ಅಂತರ ಕಾಲೇಜು ಟೂರ್ನಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅಲ್ಲಿ ಕಣ್ಣಿಗೆ ಬಿದ್ದವರಿಗೆ ವಿಶ್ವವಿದ್ಯಾಲಯದ ಕ್ಯಾಂಪ್, ಆಮೇಲೆ ದಕ್ಷಿಣ ವಲಯದ ವಿಶ್ವವಿದ್ಯಾಲಯಗಳ ಟೂರ್ನಿ, ಅಲ್ಲಿ ಮೊದಲ ನಾಲ್ಕರಲ್ಲಿ ಬಂದರೆ ಅಖಿಲ ಭಾರತ ಮಟ್ಟ. ಮೊದಲ ದಿನವೇ ಸೋತ ಕಾಲೇಜಿಗೆ ಆ ವರ್ಷ ಅಲ್ಲಿಗೇ ಮುಗಿಯಿತು. ಹಾಗಾಗಿ ಎಲ್ಲರೂ ರೆಡಿ ಇರುವ ಆಟಗಾರರನ್ನೇ ಹುಡುಕುತ್ತಾರೆ. ವಿಶ್ವವಿದ್ಯಾಲಯ ತಂಡದಲ್ಲಿ 25 ವರ್ಷದವರೆಗೂ ಆಡಬಹುದು. ಎಂ.ಎ., ಬಿ.ಪಿ.ಎಡ್. ಓದುತ್ತಾ ಆಡುವ ಅಕ್ಕಂದಿರ ಜೊತೆ ಹದಿನೆಂಟರ ಹುಡುಗಿ ಪೈಪೋಟಿ ಮಾಡಬೇಕು. ಮೈದಾನಕ್ಕೆ ಇಳಿಯುವುದು ಒಂಬತ್ತೇ ಜನ. ಉಳಿದವರು ಬ್ಲೇಜರ್ ಹಾಕಿಕೊಂಡು ಬೆಂಚಿನಲ್ಲಿ.

ಮದ್ದೂರಿನವರೇ, ಎರಡೂ ಕಾಲೇಜಿಗೆ ಒಂದೇ ಪ್ರಶ್ನೆ ಕೇಳಿ: "ಕಳೆದ ವರ್ಷ ಫಸ್ಟ್ ಇಯರ್ ಮಕ್ಕಳು ಎಷ್ಟು ಪಂದ್ಯದಲ್ಲಿ ಇಳಿದರು?" ಉತ್ತರ ಹೇಳುವಾಗ ಅವರು ತಡವರಿಸುತ್ತಾರಾ ನೋಡಿ.

ಗ್ಲೇಡ್ಸ್_2010:

ಖೋ ಖೋ ಮಧ್ಯೆ ಕ್ರಿಕೆಟ್ ತರುತ್ತಿದ್ದೇನೆ, ಬೈಯಬೇಡಿ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಓದಿದವರು. 1989ರಲ್ಲಿ ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ತೆಗೆದರು. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದರು. ಅಷ್ಟು ವೇಗದ ಬೌಲಿಂಗ್ ಅನ್ನು ಇಂಜಿನಿಯರಿಂಗ್ ಕಾಲೇಜು ಕಲಿಸಿತು ಅಂತ ಯಾರೂ ಹೇಳಲ್ಲ. ಓದು, ಆಟ ಎರಡನ್ನೂ ತೂಗಿಸಲು ಕಾಲೇಜು ಬಿಟ್ಟರೆ ಸಾಕು, ಅರ್ಧ ಕೆಲಸ ಆದ ಹಾಗೆ. ಹೇಳಬೇಕು ಅಂದುಕೊಂಡದ್ದು ಇಷ್ಟೇ: ಅಟೆಂಡೆನ್ಸ್ ವಿಷಯ ಮೊದಲೇ ಬಿಡಿಸಿ ಕೇಳಿಕೊಳ್ಳಿ. ನಮ್ಮ ಚಿಕ್ಕಪ್ಪನ ಮಗ ಕಾಲೇಜಿಗಾಗಿಯೇ ಆಡಲು ಹೋಗಿ, ಅದೇ ಕಾಲೇಜಿನಲ್ಲಿ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲಿಲ್ಲ. ಕಪ್ ಹಿಡಿದ ಫೋಟೋ ಪ್ರಾಂಶುಪಾಲರ ಕೊಠಡಿಯಲ್ಲಿ ಈಗಲೂ ಇದೆಯಂತೆ.

(2010ರ ರಣಜಿ ಫೈನಲ್ ನಮ್ಮ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಮನೀಶ್ ಪಾಂಡೆ 144 ಹೊಡೆದೂ ಮುಂಬೈ ಎದುರು ಆರು ರನ್‌ನಿಂದ ಸೋತೆವು. ಇನ್ನೂ ಹೊಟ್ಟೆ ಉರಿಯುತ್ತದೆ.)

ಸಿಂಗಲ್_ಚೈನ್:

ಅಣ್ಣ, ನಾನು ಬಿ.ಕಾಂ. ಎರಡನೇ ವರ್ಷ, ಮೈಸೂರಿನಲ್ಲೇ ಆಡುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ.

ಮೇಷ್ಟ್ರು ಹೇಳಿದ ಬೆಂಚಿನ ಕಥೆ ನಿಜ. ಮೊದಲ ವರ್ಷ ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೇ ಜಾಸ್ತಿ. ಆದರೆ ಪೆವಿಲಿಯನ್ ಅವರು ಹೇಳಿದ್ದೂ ನಿಜ. ಪ್ರಾಕ್ಟೀಸ್‌ನಲ್ಲಿ ಸೀನಿಯರ್ ಅಕ್ಕಂದಿರು ನನ್ನನ್ನು ಎಷ್ಟು ಸಲ ಔಟ್ ಮಾಡಿದರೋ ಅಷ್ಟೂ ಕಲಿತೆ. ಖೋ ಕೊಡುವವರ ಕೈ ನೋಡಬಾರದು, ಎದುರಿಗೆ ಏಳಲು ರೆಡಿ ಇರುವವರ ಭುಜ ನೋಡಬೇಕು. ಇದನ್ನು ಯಾವ ಕೋಚೂ ನನಗೆ ಹೇಳಿರಲಿಲ್ಲ.

ಯಾರೂ ಹೇಳದ ಒಂದು ವಿಷಯ ಇದೆ, ಮ್ಯಾಟ್. ಈಗ ಅಲ್ಟಿಮೇಟ್ ಖೋ ಖೋ ಲೀಗ್ ಇರಲಿ, ವಿಶ್ವಕಪ್ ಇರಲಿ, ಎಲ್ಲ ಮ್ಯಾಟ್ ಮೇಲೆ, ಶೂ ಹಾಕಿಕೊಂಡು. ನಾವು ಬರಿಗಾಲಲ್ಲಿ ಮಣ್ಣಿನ ಮೇಲೆ ಬೆಳೆದವರು. ಮಣ್ಣಿನಲ್ಲಿ ತಿರುಗುವಾಗ ಕಾಲು ಸ್ವಲ್ಪ ಜಾರುತ್ತದೆ, ಆ ಜಾರುವಿಕೆ ನಂಬಿಕೊಂಡೇ ತಿರುಗುತ್ತೇವೆ. ಮ್ಯಾಟ್ ಮೇಲೆ ಕಾಲು ಗಕ್ಕನೆ ಹಿಡಿದುಕೊಳ್ಳುತ್ತದೆ, ಮಂಡಿಗೆ ಪೆಟ್ಟು. ಡೈವ್ ಹೊಡೆದರೆ ಮೊಣಕೈ ಚರ್ಮ ಸುಲಿಯುತ್ತದೆ. ನಿಮ್ಮ ಹುಡುಗಿಗೆ ಎಡಕ್ಕೆ ತಿರುಗುವಾಗ ತೊಂದರೆ ಅಂದಿರಿ. ಅದನ್ನು ಸರಿ ಮಾಡದೆ ಮ್ಯಾಟ್‌ಗೆ ಇಳಿಸಬೇಡಿ. ಕಾಲೇಜಿನಲ್ಲಿ ಮ್ಯಾಟ್ ಇದೆಯಾ ಅಂತ ಮಾತ್ರ ಕೇಳಿದರೆ ಸಾಲದು, ಅದನ್ನು ಹಾಸುವುದು ಯಾವಾಗ ಅಂತಲೂ ಕೇಳಿ. ಎಷ್ಟೋ ಕಡೆ ಸುತ್ತಿಟ್ಟದ್ದು ಬಿಚ್ಚುವುದೇ ಇಲ್ಲ.

ಮದ್ದೂರು_ಚೇಸರ್:

ಮೇಷ್ಟ್ರೇ, ನಿಮ್ಮ ಪ್ರಶ್ನೆಯನ್ನು ಎರಡೂ ಕಡೆ ಕೇಳುತ್ತೇನೆ. ಸಿಂಗಲ್ ಚೈನ್ ತಂಗಿ, ಭುಜ ನೋಡುವ ವಿಷಯ ಆಗಲೇ ಮನೆಯಲ್ಲಿ ಹೇಳಿದೆ. ಅವಳು "ಅದು ನನಗೆ ಗೊತ್ತಿತ್ತು ಚಿಕ್ಕಪ್ಪ" ಅಂದಳು. ಗೊತ್ತಿದ್ದರೆ ಯಾಕಮ್ಮ ಔಟ್ ಆಗ್ತೀಯ ಅಂತ ಕೇಳಿದ್ದಕ್ಕೆ ಎದ್ದು ಹೋದಳು.

ಪೆವಿಲಿಯನ್ ಅವರೇ, ಉಳಿದ ಏಳು ಜನ ಯಾರು ಅಂದಿರಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಮಾತಿಗೆ ತೂಕ ಇದೆ. ಆದರೂ ನಮ್ಮ ಮನೆಯವರ ಹಾಗೆ ಕಪಾಟು ನೋಡಿ ತೀರ್ಮಾನ ಮಾಡಲ್ಲ. ಮುಂದಿನ ವಾರ ಯಾರಿಗೂ ಹೇಳದೆ ಅವಳನ್ನು ಕರೆದುಕೊಂಡು ಎರಡೂ ಕಡೆ ಪ್ರಾಕ್ಟೀಸ್ ನೋಡಿ ಬರುತ್ತೇನೆ. ಕೋಚ್ ಯಾರನ್ನು ನಿಲ್ಲಿಸಿ ತಿದ್ದುತ್ತಾರೆ, ಸೀನಿಯರ್‌ಗಳನ್ನೋ ಚಿಕ್ಕವರನ್ನೋ, ಅದೊಂದು ನೋಡಿದರೆ ಸಾಕು ನನಗೆ.

ಪೆವಿಲಿಯನ್_ಕಟ್ಟೆ (ಮೈಸೂರು):

ಬನ್ನಿ ಬನ್ನಿ. ಸಂಜೆ ನಾಲ್ಕೂವರೆ ಮೇಲೆ ಬಂದರೆ ಪೂರ್ತಿ ತಂಡ ಸಿಗುತ್ತದೆ, ಬೆಳಿಗ್ಗೆ ಬರೀ ಫಿಟ್‌ನೆಸ್. ಹುಡುಗಿಗೆ ಶೂ ತರಲು ಹೇಳಿ, ಕೇಳಿದರೆ ಒಂಬತ್ತು ನಿಮಿಷದ ಒಂದು ಟರ್ನ್ ಓಡಿಸುತ್ತಾರೆ. ಮಂಡ್ಯದವರೂ ಕರೆದಿದ್ದಾರೆ ಅಂತ ಮಾತ್ರ ಬಾಯಿ ಬಿಡಬೇಡಿ, ಆಮೇಲೆ ಒಂಬತ್ತು ನಿಮಿಷವೂ ಪೋಲ್ ಹತ್ತಿರವೇ ಅಟ್ಟಾಡಿಸುತ್ತಾರೆ.