ಒಂದಾಗದವರಿಗೆ ಸಮಾಲೋಚನೆ ಯಾಕೆ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮೈಸೂರಿನ ಸಹೋದರಿಯೊಬ್ಬರು ತಮ್ಮ ಸಂಕಟವನ್ನು ಹೇಳಿಕೊಂಡಿದ್ದರು. ಒಂದೂವರೆ ವರ್ಷದಿಂದ ಅವರು ಪತಿಯಿಂದ ಬೇರೆಯಾಗಿ ವಾಸವಿದ್ದಾರೆ. ಒಂಬತ್ತು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ ಅವರ ಜೊತೆಗಿದ್ದು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ಪ್ರತಿ ಭಾನುವಾರ ತಂದೆ ಮಕ್ಕಳನ್ನು ಕರೆದೊಯ್ಯುವಾಗ ಒಂದು ಜಗಳ, ತಂದು ಬಿಡುವಾಗ ಇನ್ನೊಂದು. ಶನಿವಾರ ರಾತ್ರಿಯಾದರೆ ಮಗಳಿಗೆ ಹೊಟ್ಟೆನೋವು. ಮಕ್ಕಳ ವಿಚಾರವಾಗಿ ಇಬ್ಬರೂ ಆಪ್ತಸಮಾಲೋಚನೆಗೆ ಹೋಗಿಬನ್ನಿ ಎಂದು ನ್ಯಾಯಾಲಯ ಸೂಚಿಸಿದೆ. ‘ಒಂದಾಗುವುದೇ ಇಲ್ಲ ಎಂದಮೇಲೆ ಸಮಾಲೋಚನೆ ಯಾಕೆ? ಹೊಂದಿಕೊಂಡು ಹೋಗಿ ಎಂದು ಅಲ್ಲಿಯೂ ಒತ್ತಾಯಿಸುತ್ತಾರೆಯೇ?’ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಕೊಟ್ಟಿದ್ದೇವೆ.

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದುವಾಗ ಆರು ವರ್ಷದ ಹಿಂದಿನ ನನ್ನ ದಿನಗಳೇ ಕಣ್ಣಮುಂದೆ ಬಂದವು. ಸಮಾಲೋಚನೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೂ ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ಅದಕ್ಕೂ ಮೊದಲು ಎರಡೂ ಕಡೆಯ ಹಿರಿಯರು ಸೇರಿ ಮೂರು ಸಲ ಪಂಚಾಯಿತಿ ಮಾಡಿದ್ದರು, ಮೂರು ಸಲವೂ ‘ಹೆಣ್ಣಾದವಳು ಸ್ವಲ್ಪ ತಗ್ಗಿ ನಡೆಯಬೇಕಮ್ಮ’ ಎಂಬಲ್ಲಿಗೇ ಮಾತು ಬಂದು ನಿಂತಿತ್ತು. ಹಾಗಾಗಿ ಮೊದಲ ದಿನ ಕುರ್ಚಿಯಲ್ಲಿ ಕೂರುವ ಮೊದಲೇ, ನಾವು ಒಂದಾಗುವುದಕ್ಕೆ ಬಂದಿಲ್ಲ ಎಂದುಬಿಟ್ಟೆ. ಆ ಸಮಾಲೋಚಕಿ ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ. ‘ಅದಕ್ಕಾಗಿ ನಾನೂ ಇಲ್ಲಿ ಕೂತಿಲ್ಲ. ನಿಮ್ಮ ಮದುವೆಯ ವಿಚಾರವನ್ನು ನ್ಯಾಯಾಧೀಶರು ನೋಡಿಕೊಳ್ಳುತ್ತಾರೆ. ಹುಡುಗನಿಗೆ ಈಗ ಆರು ವರ್ಷ. ಅವನು ಬೆಳೆದು ದೊಡ್ಡವನಾಗುವವರೆಗೆ ಇನ್ನೂ ಹನ್ನೆರಡು ವರ್ಷ ನೀವಿಬ್ಬರೂ ಸೇರಿ ತೀರ್ಮಾನಿಸಬೇಕಾದ್ದು ಬಹಳ ಇದೆ. ಆ ಮಾತನ್ನಷ್ಟೇ ಆಡೋಣ.’

ಆ ದಿನಗಳಲ್ಲಿ ನನ್ನ ಮಗ ಭಾನುವಾರ ಸಂಜೆ ಬಂದವನು, ಚಪ್ಪಲಿ ಬಿಡುವ ಮೊದಲೇ ‘ಅಲ್ಲಿ ಏನೂ ಚೆನ್ನಾಗಿರಲಿಲ್ಲ ಅಮ್ಮ’ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಒಂದು ಆಗಸ್ಟ್ ತಿಂಗಳಲ್ಲಿ ಬಟ್ಟೆ ಒಗೆಯುವಾಗ ಅವನ ಚಡ್ಡಿಯ ಜೇಬಿನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಟಿಕೆಟ್ಟು ಸಿಕ್ಕಿತು. ನಾಲ್ಕು ಮಡಿಕೆ ಮಾಡಿ, ಬಟಾಣಿ ಕಾಳಿನಷ್ಟು ಚಿಕ್ಕದಾಗಿಸಿ ಇಟ್ಟುಕೊಂಡಿದ್ದ. ಹೂವಿನ ರಾಶಿ ನೋಡಿ ಬಂದ ಮಗು, ಅಮ್ಮನಿಗೆ ಬೇಸರವಾದೀತೆಂದು ಏನೂ ಚೆನ್ನಾಗಿರಲಿಲ್ಲ ಎಂದು ಹೇಳಬೇಕಾಗಿತ್ತು. ಆ ಒದ್ದೆ ಟಿಕೆಟ್ಟನ್ನು ಹಾಗೇ ತೆಗೆದುಕೊಂಡು ಹೋಗಿ ಸಮಾಲೋಚಕಿಯ ಮೇಜಿನ ಮೇಲಿಟ್ಟೆ. ನನ್ನ ಪತಿಯಾಗಿದ್ದವರು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಮನೆಗೆ ಬಂದಾಗ ಅಮ್ಮ ತಿಂಡಿ ಮಾಡಿಕೊಡೋದಿಲ್ಲ ಅಂತಾನೆ’ ಎಂದರು. ದಿನಾ ಬೆಳಿಗ್ಗೆ ಅವನಿಗೆ ಅಕ್ಕಿರೊಟ್ಟಿ, ದೋಸೆ ಮಾಡಿ ಡಬ್ಬಿಗೆ ಹಾಕಿ ಕಳಿಸುತ್ತಿದ್ದವಳು ನಾನು. ಮಗು ಎರಡೂ ಮನೆಗಳಲ್ಲಿ ಎದುರಿನವರಿಗೆ ಯಾವುದು ಹಿತವೋ ಅದನ್ನು ಹೇಳಿ ಬದುಕುತ್ತಿತ್ತು. ನಿಮ್ಮ ಮಗಳ ಶನಿವಾರದ ಹೊಟ್ಟೆನೋವನ್ನು ವೈದ್ಯರಿಗೆ ಅಗತ್ಯವಾಗಿ ತೋರಿಸಿ. ಆದರೆ ಅದರ ಬೇರು ಈ ಭಾರದಲ್ಲಿಯೂ ಇರಬಹುದು ಎಂಬುದು ನಿಮ್ಮ ಮನಸ್ಸಿನಲ್ಲಿರಲಿ.

ನಾಲ್ಕು ತಿಂಗಳಲ್ಲಿ ಏಳು ಸಲ ಹೋದೆವು. ಮೂರನೆಯ ಸಲ ಇಬ್ಬರೂ ಜಗಳವಾಡಿ ಎದ್ದು ಬಂದಿದ್ದೂ ಉಂಟು. ನಮಗೆ ಹೆಚ್ಚು ಉಪಕಾರವಾದದ್ದು ತೀರಾ ಸಣ್ಣ ಏರ್ಪಾಡುಗಳಿಂದ. ಗೇಟಿನ ಬಳಿ ಮಗುವನ್ನು ಒಪ್ಪಿಸುವುದನ್ನೇ ನಿಲ್ಲಿಸಿದೆವು. ಶನಿವಾರ ಬೆಳಗಿನ ಶಾಲೆ ಬಿಟ್ಟಾಗ ಅವರೇ ಬಂದು ಕರೆದೊಯ್ಯುವುದು, ಸೋಮವಾರ ಬೆಳಿಗ್ಗೆ ಅವರೇ ಶಾಲೆಗೆ ಬಿಡುವುದು ಎಂದಾಯಿತು. ಇಬ್ಬರೂ ಎದುರಾಗುವ ಪ್ರಸಂಗವೇ ಬರದಿದ್ದರಿಂದ ಮಗುವಿನ ಮುಂದೆ ಜಗಳವೂ ನಿಂತಿತು. ಶಾಲೆಯ ಚೀಲದಲ್ಲಿ ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಇಟ್ಟೆವು. ‘ಮಧ್ಯಾಹ್ನ ಎರಡಕ್ಕೆ ಜ್ವರದ ಸಿರಪ್ ಕೊಟ್ಟಿದೆ, ಇನ್ನೊಮ್ಮೆ ರಾತ್ರಿ ಎಂಟಕ್ಕೆ’, ‘ಗಣಿತದ ಲೆಕ್ಕ ಎರಡು ಬಾಕಿ’, ‘ದೀಪ ಆರಿಸಿದರೆ ಹೆದರುತ್ತಾನೆ’ – ಇಂಥ ಮಾತು ಮಾತ್ರ ಅದರಲ್ಲಿ ಬರೆಯಬೇಕು, ದೂರು ಬರೆಯಕೂಡದು ಎಂಬುದು ಷರತ್ತು. ದೀಪದ ವಿಷಯ ನನಗೆ ತಿಳಿದದ್ದು ಆ ಪುಸ್ತಕದಿಂದಲೇ. ಅವರ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳಲಾರೆ. ಆದರೆ ಆ ನೋಟ್‌ಪುಸ್ತಕ ಈಗ ಆರನೆಯದು ನಡೆಯುತ್ತಿದೆ. ದಯವಿಟ್ಟು ಹೋಗಿಬನ್ನಿ.

– ಒಬ್ಬ ತಾಯಿ, ಬೆಂಗಳೂರು

ಮಾನ್ಯರೇ,

ಹಲವು ವರ್ಷಗಳಿಂದ ಕೌಟುಂಬಿಕ ಪ್ರಕರಣಗಳನ್ನು ನಡೆಸುತ್ತಿರುವ ವಕೀಲನಾಗಿ ಕೆಲವು ಮಾತು ಬರೆಯುತ್ತಿದ್ದೇನೆ. ಸಹೋದರಿಯವರ ಅಂಜಿಕೆಗೆ ಕಾರಣವಿಲ್ಲದಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು, ಮೊದಲು ರಾಜಿಗೆ ಪ್ರಯತ್ನಿಸುವ ಕರ್ತವ್ಯವನ್ನು ನ್ಯಾಯಾಲಯಕ್ಕೆ ಹೊರಿಸುತ್ತದೆ. ರಾಜಿ ಎಂದೊಡನೆ ಜನ ಗಂಡಹೆಂಡಿರನ್ನು ಮತ್ತೆ ಕೂಡಿಸುವುದು ಎಂದು ತಿಳಿಯುತ್ತಾರೆ. ಆದರೆ ಮಕ್ಕಳು ಎಲ್ಲಿರಬೇಕು, ಯಾವಾಗ ಯಾರ ಬಳಿ ಹೋಗಬೇಕು, ಖರ್ಚು ಯಾರದು ಎಂಬುದರಲ್ಲಿ ಒಮ್ಮತಕ್ಕೆ ಬರುವುದೂ ರಾಜಿಯೇ. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಇದು ಇನ್ನೂ ಮುಖ್ಯ. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವ ಅವಧಿಯನ್ನು ತಕ್ಕ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದಾಗ, ಮಕ್ಕಳ ಪಾಲನೆಯೂ ಸೇರಿ ಎಲ್ಲ ವಿಚಾರ ನಿಜವಾಗಿ ಇತ್ಯರ್ಥವಾಗಿದೆಯೇ ಎಂಬುದನ್ನೂ ನೋಡಬೇಕೆಂದು ಹೇಳಿದೆ.

ನಮ್ಮ ಅರ್ಜಿಗಳಲ್ಲಿ ‘ಮಕ್ಕಳು ತಾಯಿಯ ಬಳಿ ಇರತಕ್ಕದ್ದು, ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು’ ಎಂಬ ಒಂದೇ ಸಾಲು ಬರೆದು ಮುಗಿಸುವ ರೂಢಿ ಇದೆ. ಮುಂದಿನ ಹತ್ತು ವರ್ಷದ ಜಗಳಕ್ಕೆ ಆ ಒಂದು ಸಾಲೇ ಸಾಕು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಸರಾ ರಜೆ ಯಾರ ಬಳಿ, ಬೇಸಿಗೆ ರಜೆ ಹೇಗೆ ಹಂಚಿಕೆ, ಯುಗಾದಿಯ ದಿನ ಅಜ್ಜ-ಅಜ್ಜಿಯ ಮನೆಗೆ ಕಳಿಸುವುದೋ ಇಲ್ಲವೋ, ಶಾಲೆಯ ಶುಲ್ಕ ಯಾವ ತಿಂಗಳ ಯಾವ ತಾರೀಖಿನೊಳಗೆ ಕಟ್ಟಬೇಕು, ಪಾಸ್‌ಪೋರ್ಟ್‌ಗೆ ಸಹಿ, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಮೊದಲು ಯಾರಿಗೆ ಫೋನು – ಇವನ್ನೆಲ್ಲ ಸಮಾಲೋಚನೆಯಲ್ಲಿ ಕೂತು ಮಾತಾಡಿ, ಬರೆದುಕೊಂಡು, ಒಪ್ಪಂದಪತ್ರದಲ್ಲಿ ಸೇರಿಸಿ. 2015ರ ಮೇ ತಿಂಗಳಲ್ಲಿ ಭಾರತದ ಕಾನೂನು ಆಯೋಗ ಕೊಟ್ಟ 257ನೇ ವರದಿಯು ಜಂಟಿ ಪಾಲನೆ ಮತ್ತು ಇಂಥ ಲಿಖಿತ ಪಾಲನಾ ಯೋಜನೆಗಳ ವಿಚಾರವನ್ನು ವಿವರವಾಗಿ ಚರ್ಚಿಸಿದೆ. ಅದರ ಶಿಫಾರಸಿನಂತೆ ಕಾಯ್ದೆ ತಿದ್ದುಪಡಿ ಆಗದಿದ್ದರೂ, ಇಬ್ಬರೂ ಒಪ್ಪಿ ಬರೆದುಕೊಳ್ಳುವುದಕ್ಕೆ ಇಂದಿನ ಕಾನೂನಿನಲ್ಲಿ ಅಡ್ಡಿಯಿಲ್ಲ.

ಒಮ್ಮೆ ಬರೆದುಕೊಟ್ಟರೆ ಕೈ ಕಟ್ಟಿಹಾಕಿದಂತಾಗುತ್ತದೆ ಎಂಬ ಭಯವೂ ಬೇಡ. ಮಕ್ಕಳ ಪಾಲನೆಯ ಆದೇಶಗಳು ಶಾಶ್ವತವಲ್ಲ, ಪರಿಸ್ಥಿತಿ ಬದಲಾದರೆ ಮಾರ್ಪಡಿಸಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ನಾಲ್ಕು ವರ್ಷದ ಮಗನಿಗೆ ಇಂದು ಮಾಡಿಕೊಂಡ ಏರ್ಪಾಡು ಅವನು ಹೈಸ್ಕೂಲಿಗೆ ಬಂದಾಗ ಹೊಂದಲಾರದು, ಆಗ ಮತ್ತೆ ಕೂತು ಬದಲಿಸಿಕೊಳ್ಳಬೇಕು. ಇನ್ನೊಂದು ಮಾತು: ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ ನಿಜ, ಆದರೆ ಅದೇ ಕಾಯ್ದೆಯ 13ನೇ ಕಲಮು ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮುಖ್ಯ ಎನ್ನುತ್ತದೆ. ಆ ಕ್ಷೇಮದಲ್ಲಿ ತಂದೆಯ ಒಡನಾಟವೂ ಸೇರಿದೆ.

– ಒಬ್ಬ ವಕೀಲ, ಹುಬ್ಬಳ್ಳಿ

ಸಹೋದರಿ,

ನಾನು ನಿಮ್ಮ ಪತಿಯ ಜಾಗದಲ್ಲಿದ್ದವನು. ಸಮಾಲೋಚನೆಗೆ ಕರೆದಾಗ ಎರಡು ಸಲ ತಪ್ಪಿಸಿಕೊಂಡೆ. ಅಲ್ಲಿ ಹೋದರೆ ಎಲ್ಲ ತಪ್ಪೂ ನನ್ನ ತಲೆಗೇ ಕಟ್ಟುತ್ತಾರೆ ಎಂಬ ಹೆದರಿಕೆಯನ್ನು ಆಗ ಕೋಪವೆಂದು ತೋರಿಸಿಕೊಳ್ಳುತ್ತಿದ್ದೆ. ನಿಮ್ಮ ಪತಿಯೂ ಹಿಂದೆ ಸರಿದರೆ, ಅವರಿಗೆ ಮಕ್ಕಳು ಬೇಡವಾಗಿದ್ದಾರೆ ಎಂದು ತಕ್ಷಣ ತೀರ್ಮಾನಿಸಬೇಡಿ. ಇನ್ನೊಮ್ಮೆ ಕರೆಸಲು ಕೇಳಿ.

ಈಗ ನಾನು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ, ಮಗಳು ಉಡುಪಿಯಲ್ಲಿ ತಾಯಿಯ ಜೊತೆಗಿದ್ದಾಳೆ. ಊರಿನ ರಾತ್ರಿ ಏಳೂವರೆ ಎಂದರೆ ಇಲ್ಲಿ ಸಂಜೆ ಆರು. ಆ ಹೊತ್ತಿಗೆ ವಿಡಿಯೊ ಕರೆ ಎಂದು ಸಮಾಲೋಚನೆಯಲ್ಲಿಯೇ ಗೊತ್ತುಮಾಡಿಕೊಂಡೆವು. ಮೊದಲೆಲ್ಲ ‘ಊಟ ಆಯ್ತಾ, ಓದಿದ್ಯಾ’ ಎಂಬಷ್ಟಕ್ಕೆ ನಮ್ಮ ಮಾತು ಮುಗಿದುಹೋಗುತ್ತಿತ್ತು. ನಂತರ ಅವಳ ತಾಯಿಯೇ ‘ಇವತ್ತು ಹದಿಮೂರರ ಮಗ್ಗಿ ಒಪ್ಪಿಸಲಿಕ್ಕಿದೆ, ನೀವೇ ಕೇಳಿ’ ಎಂದು ಒಂದು ಸಂದೇಶ ಕಳಿಸಿದರು. ಅವರು ನನಗೆ ಮಾಡಿದ ದೊಡ್ಡ ಉಪಕಾರವದು. ಅಂದಿನಿಂದ ನಾನು ದೂರದಿಂದ ವಿಚಾರಿಸುವ ನೆಂಟನಾಗಿ ಉಳಿಯಲಿಲ್ಲ. ಮಗಳ ಪಾಠದಲ್ಲಿ ನನಗೂ ಒಂದು ಪಾಲು ಸಿಕ್ಕಿತು. ಸಾಧ್ಯವಾದರೆ ನಿಮ್ಮ ಪತಿಗೂ ಮಕ್ಕಳ ದಿನಚರಿಯಲ್ಲಿ ಅವರದ್ದೇ ಆದ ಒಂದು ಕೆಲಸ ಬಿಟ್ಟುಕೊಡಿ.

– ಒಬ್ಬ ತಂದೆ, ಮಸ್ಕತ್

ಅಮ್ಮಾ,

ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ಕೆಲಸ ಮಾಡುವ ನನಗೆ ಉಳಿದವರು ಬಿಟ್ಟಿರಬಹುದಾದ ಒಂದು ಮಾತನ್ನು ಹೇಳಲೇಬೇಕು ಎನಿಸಿತು. ನಿಮ್ಮ ಪತ್ರದಲ್ಲಿ ಜಗಳ ಎಂದಷ್ಟೇ ಇದೆ. ಆ ಜಗಳದಲ್ಲಿ ಹೊಡೆತ, ಬೆದರಿಕೆ ಇದ್ದರೆ, ಅಥವಾ ಎದುರು ಕೂತರೆ ನಿಮಗೆ ಮಾತೇ ಬರದಷ್ಟು ಭಯವಿದ್ದರೆ, ಜಂಟಿ ಸಮಾಲೋಚನೆಗೆ ಒಪ್ಪಿಕೊಳ್ಳಬೇಡಿ. ನನ್ನನ್ನು ಪ್ರತ್ಯೇಕವಾಗಿ ಕರೆಯಿರಿ ಎಂದು ಮೊದಲೇ ಕೇಳಿ. ಹಾಗೆ ಕೇಳುವುದು ಅಸಹಕಾರವಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗಾಗಿ ಇರುವ 2005ರ ಕಾಯ್ದೆಯಲ್ಲಿ ಮಕ್ಕಳ ತಾತ್ಕಾಲಿಕ ಪಾಲನೆ ಕೇಳಲು ಅವಕಾಶವಿದೆ, ಭೇಟಿಯಿಂದ ಮಗುವಿಗೆ ಅಪಾಯವಿದೆ ಎನಿಸಿದರೆ ಮ್ಯಾಜಿಸ್ಟ್ರೇಟರು ಭೇಟಿಯನ್ನು ನಿರಾಕರಿಸಲೂಬಹುದು.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ವರಮಾನದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಮಹಿಳಾ ಸಹಾಯವಾಣಿ 181, ಮಕ್ಕಳದ್ದು 1098. ರಾತ್ರಿ ನಿದ್ದೆ ಬಾರದೆ ಮನಸ್ಸು ಕುಸಿದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳನ್ನು ನೋಡಿಕೊಳ್ಳುವವರಿಗೂ ನೆರವು ಬೇಕಾಗುತ್ತದಮ್ಮಾ.

– ಒಬ್ಬ ಕಾರ್ಯಕರ್ತೆ, ಕಲಬುರಗಿ

ಪ್ರೀತಿಯ ಮಗಳೇ,

ಪ್ರಾಥಮಿಕ ಶಾಲೆಯಲ್ಲಿ ಮೂವತ್ತಮೂರು ವರ್ಷ ಕಲಿಸಿ ನಿವೃತ್ತಳಾದವಳು ನಾನು. ಮನೆಯಲ್ಲಿ ಹೀಗಾಗಿದೆ ಎಂಬುದು ತರಗತಿಯಲ್ಲಿ ನಮಗೆ ಬೇಗ ಗೊತ್ತಾಗುತ್ತದೆ. ಪ್ರಗತಿಪತ್ರವನ್ನು ಯಾರಿಂದ ಸಹಿ ಮಾಡಿಸಬೇಕೆಂದು ತಿಳಿಯದೆ ವಾರಗಟ್ಟಲೆ ಚೀಲದಲ್ಲೇ ಮಡಿಸಿಟ್ಟುಕೊಂಡ ಮಕ್ಕಳನ್ನು ಕಂಡಿದ್ದೇನೆ. ನೀವಿಬ್ಬರೂ ಬೇರೆಯಾಗಿರುವ ವಿಷಯವನ್ನು ತರಗತಿಯ ಶಿಕ್ಷಕಿಗೆ ಮುಚ್ಚಿಡಬೇಡಿ. ಇಬ್ಬರ ಫೋನ್ ನಂಬರೂ ಶಾಲೆಯಲ್ಲಿರಲಿ, ಪೋಷಕರ ಸಭೆಗೆ ಇಬ್ಬರನ್ನೂ ಕರೆಯಲಿ, ಬೇಕಾದರೆ ಬೇರೆ ಬೇರೆ ಹೊತ್ತಿಗೆ.

ಮಗಳು ಒಂಬತ್ತು ವರ್ಷದವಳು, ಎಲ್ಲ ಅರ್ಥವಾಗುತ್ತದೆ. ಸಮಾಲೋಚನೆ ಇಬ್ಬರೂ ಒಟ್ಟಿಗೆ ಕೂರುವ ಹದಕ್ಕೆ ಬಂದ ಮೇಲೆ, ಇದು ನಿನ್ನಿಂದ ಆದದ್ದಲ್ಲ ಎಂಬ ಮಾತನ್ನು ಅವಳಿಗೆ ಇಬ್ಬರೂ ಸೇರಿ, ಒಂದೇ ದಿನ ಹೇಳಿ. ಅಲ್ಲಿಯವರೆಗೆ ಈ ಶನಿವಾರದಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಳೆಯ ಚೀಲವನ್ನು ನೀವೇ ಕಟ್ಟಿ. ಒಂದು ಜೊತೆ ಬಟ್ಟೆ, ಅವಳ ಚಿತ್ರದ ಪುಸ್ತಕ, ಜೊತೆಗೆ ಅಪ್ಪನಿಗೂ ಆಗುವಷ್ಟು ಕೋಡುಬಳೆ. ಹೊರಡುವಾಗ ಏನನ್ನೂ ಕೇಳಬೇಡಿ. ಬಂದಮೇಲೆ ಅವಳಾಗಿ ಹೇಳಿದಷ್ಟನ್ನು ಕೇಳಿಸಿಕೊಳ್ಳಿ.

– ನಿವೃತ್ತ ಶಿಕ್ಷಕಿ, ಶಿರಸಿ