ಒಂದೇ ಹೆಸರಿನ ಸಿನಿಮಾ, ಕಾದಂಬರಿ, ನಾಟಕ ಎಲ್ಲ ಬೆರೆತುಹೋಗಿವೆ: ಜೆಲ್ಲಿಫಿನ್, ಕ್ಯಾಲಿಬರ್ ಬಲ್ಲವರು ನೋಡಿ

ಗುಬ್ಬಿಗೇಟ್:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಮ್ಮ ಬಡಾವಣೆಯ ಯುವಕ ಸಂಘಕ್ಕೆ ಒಂದು ಓದುವ ಕೋಣೆ ಇದೆ. ಪುಸ್ತಕಗಳ ಜೊತೆಗೆ ಸಂಘದವರು ಕೊಂಡು ಕೂಡಿಟ್ಟ ವಿಸಿಡಿ, ಡಿವಿಡಿ, ಹಾಡಿನ ಸಿಡಿ, ಸುತ್ತಲ ಹಳ್ಳಿಗಳ ನಾಟಕದ ಕ್ಯಾಸೆಟ್ ಎಲ್ಲಾ ಅಲ್ಲಿವೆ. ಡಿಸ್ಕ್‌ಗಳು ಒಂದೊಂದಾಗಿ ಕೆಡುತ್ತಿವೆ. ಅದಕ್ಕೇ ಹಳೇ ಕಂಪ್ಯೂಟರ್ ಒಂದಕ್ಕೆ ಉಬುಂಟು ಹಾಕಿ, ಎಲ್ಲವನ್ನೂ ಅದಕ್ಕೆ ಇಳಿಸುತ್ತಿದ್ದೇನೆ. ವಿಡಿಯೋಗಳನ್ನು ಟಿವಿಯಲ್ಲಿ ನೋಡಲು ಜೆಲ್ಲಿಫಿನ್, ಪುಸ್ತಕಗಳ ಪಟ್ಟಿ ಇಡಲು ಕ್ಯಾಲಿಬರ್ ಅನ್ನುವ ತಂತ್ರಾಂಶ.

ತೊಂದರೆ ಇರುವುದು ಹೆಸರಿನಲ್ಲಿ. ನಾಗರಹಾವು ಅನ್ನುವ ಸಿನಿಮಾಗಳು ಮೂರಿವೆ: 1972ರದ್ದು, 2002ರದ್ದು, 2016ರದ್ದು. ಟಿವಿಯಲ್ಲಿ ನೋಡಿದರೆ ಒಂದೇ ಕಾಣುತ್ತದೆ. ಪೋಸ್ಟರ್ 2016ರದ್ದು, ಒತ್ತಿದರೆ ಬರುವವರು ಉಪೇಂದ್ರ! ಮಾಲ್ಗುಡಿ ಡೇಸ್ ಧಾರಾವಾಹಿ ಹಾಕಿದರೆ 2020ರ ಸಿನಿಮಾದ ವಿವರ ಬಂದು ಕೂರುತ್ತದೆ. ಕ್ಯಾಲಿಬರ್‌ನಲ್ಲಿ ಇನ್ನೂ ವಿಚಿತ್ರ. ದೇವುಡು ಅವರ ಮಯೂರ ಕಾದಂಬರಿಯನ್ನು ಸ್ಕ್ಯಾನ್ ಮಾಡಿ ಸೇರಿಸಿದ್ದೆವು, ಈಗ ಅದು ಪಟ್ಟಿಯಲ್ಲೇ ಇಲ್ಲ. ಕಂಪ್ಯೂಟರ್‌ನ ಫೈಲ್‌ಗಳಲ್ಲಿ ಚೋಮನ ದುಡಿ ಅಂತ ಹುಡುಕಿದರೆ ಕಾದಂಬರಿಯ ಫೈಲ್ ಸಿಗುತ್ತದೆ, ಸಿನಿಮಾದ ಫೈಲ್ ಸಿಗುವುದಿಲ್ಲ. ಆದರೆ ಕಣ್ಣೆದುರಿಗೇ ಇದೆ.

ಎಲ್ಲಿಂದ ಶುರು ಮಾಡಲಿ?

ತಟ್ಟೆಇಡ್ಲಿ:
ನಾನು ಕ್ಯಾತ್ಸಂದ್ರ, ಪಕ್ಕದಲ್ಲೇ ಇದ್ದೀನಿ ಗುರು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲದರ ಹೆಸರಿನಲ್ಲೇ "ಸಿನಿಮಾ", "ಕಾದಂಬರಿ", "ನಾಟಕ" ಅಂತ ಸೇರಿಸಿಬಿಡಿ. ಮುಗೀತು.

ಹಳೇಡ್ರೈವ್:
ಅಷ್ಟಕ್ಕೇ ಮುಗಿಯುವುದಿಲ್ಲ. ನಾಗರಹಾವು ಮೂರೂ ಸಿನಿಮಾಗಳೇ ಅಲ್ವಾ? "ಸಿನಿಮಾ" ಅಂತ ಸೇರಿಸಿದರೆ ಮೂರಕ್ಕೂ ಮತ್ತೆ ಒಂದೇ ಹೆಸರು.

ಗುಬ್ಬಿಗೇಟ್ ಅವರೇ, ಆ ಮೂರು ಫೈಲ್‌ಗಳು ಯಾವ ಫೋಲ್ಡರ್‌ನಲ್ಲಿವೆ, ಫೈಲ್‌ಗಳ ಹೆಸರೇನು, ಇದ್ದಂತೆಯೇ ಬರೆಯಿರಿ.

ಗುಬ್ಬಿಗೇಟ್:
ಫೋಲ್ಡರ್ ಹೆಸರು "ನಾಗರಹಾವು". ಒಳಗೆ "ನಾಗರಹಾವು - ಹಳೇದು", "ನಾಗರಹಾವು - ಉಪೇಂದ್ರ", "ನಾಗರಹಾವು - ಹೊಸದು".

ಹಳೇಡ್ರೈವ್:
ಸಿಕ್ಕಿತು. ಫೈಲ್‌ನ ಹೆಸರು ಫೋಲ್ಡರ್‌ನ ಹೆಸರಿನಿಂದಲೇ ಶುರುವಾಗಿ, ಆಮೇಲೆ ಒಂದು ಅಡ್ಡಗೆರೆ, ಅದರ ಮುಂದೆ ಇನ್ನೊಂದು ಪದ ಇದ್ದರೆ ಜೆಲ್ಲಿಫಿನ್ ಅವುಗಳನ್ನು ಒಂದೇ ಸಿನಿಮಾದ ಬೇರೆ ಬೇರೆ ವರ್ಷನ್ ಅಂತ ತಿಳಿಯುತ್ತದೆ. ಒಂದೇ ಸಿನಿಮಾದ ಹೆಚ್ಚು ಸ್ಪಷ್ಟತೆಯ 1080ಪಿ ಪ್ರತಿ ಒಂದು, ಕಡಿಮೆ ಸ್ಪಷ್ಟತೆಯ 480ಪಿ ಪ್ರತಿ ಒಂದು ಇಟ್ಟುಕೊಳ್ಳುವವರಿಗಾಗಿ ಇರುವ ಸೌಲಭ್ಯ ಅದು. ನಿಮ್ಮ ಮೂರು ಬೇರೆ ಸಿನಿಮಾಗಳನ್ನು ಅದೇ ಲೆಕ್ಕದಲ್ಲಿ ಒಟ್ಟು ಮಾಡಿದೆ. ಆ ಪುಟದಲ್ಲಿ ವರ್ಷನ್ ಅಂತ ಒಂದು ಡಬ್ಬಿ ಇರಬೇಕು ನೋಡಿ, ಮಿಕ್ಕ ಎರಡೂ ಅದರಲ್ಲಿ ಅಡಗಿವೆ.

ಒಂದೊಂದಕ್ಕೂ ಬೇರೆ ಫೋಲ್ಡರ್ ಮಾಡಿ. ಹೆಸರಿನ ಪಕ್ಕ ದುಂಡು ಬ್ರಾಕೆಟ್‌ನಲ್ಲಿ ವರ್ಷ ಹಾಕಿ: ನಾಗರಹಾವು (1972). ಒಳಗಿನ ಫೈಲ್‌ಗೂ ಅದೇ ಹೆಸರು. ಆಮೇಲೆ ಲೈಬ್ರರಿಯನ್ನು ಮತ್ತೆ ಸ್ಕ್ಯಾನ್ ಮಾಡಿ. ಆಗಲೂ ತಪ್ಪು ಪೋಸ್ಟರ್ ಬಂದರೆ ಸಿನಿಮಾದ ಮೇಲಿರುವ ಮೂರು ಚುಕ್ಕೆ ಒತ್ತಿ, ಐಡೆಂಟಿಫೈ ಆರಿಸಿ, ವರ್ಷ ಕೊಟ್ಟು ಹುಡುಕಿ. ಕನ್ನಡ ಲಿಪಿಯಲ್ಲಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಸಿನಿಮಾಗಳ ವಿವರ ಇರುವ ಟಿಎಂಡಿಬಿ ತಾಣದಲ್ಲಿ ಆ ಸಿನಿಮಾದ ಪುಟ ತೆರೆದು, ಅಲ್ಲಿರುವ ಐಡಿ ನಂಬರನ್ನು ಫೋಲ್ಡರ್ ಹೆಸರಿನ ಕೊನೆಯಲ್ಲಿ ಚೌಕ ಬ್ರಾಕೆಟ್‌ನಲ್ಲಿ ಸೇರಿಸಬಹುದು. ಬ್ರಾಕೆಟ್ ಒಳಗೆ ಹೇಗೆ ಬರೆಯಬೇಕು ಅನ್ನುವುದು ಜೆಲ್ಲಿಫಿನ್‌ನ ಸಹಾಯ ಪುಟದಲ್ಲಿದೆ, ಅಕ್ಷರ ತಪ್ಪದೆ ಹಾಗೇ ಹಾಕಿ.

ಮಾಲ್ಗುಡಿ ಡೇಸ್ ಸಮಸ್ಯೆ ಬೇರೆ. ಅದನ್ನು ಸಿನಿಮಾಗಳ ಲೈಬ್ರರಿಯಲ್ಲಿ ಇಟ್ಟಿದ್ದೀರಿ ಅನ್ನಿಸುತ್ತದೆ. ಆ ಲೈಬ್ರರಿಯಲ್ಲಿ ಇರುವುದನ್ನೆಲ್ಲ ಜೆಲ್ಲಿಫಿನ್ ಸಿನಿಮಾ ಅಂತಲೇ ಹುಡುಕುತ್ತದೆ. ವಿಜಯ ರಾಘವೇಂದ್ರ ನಟಿಸಿದ 2020ರ ಸಿನಿಮಾ ಸಿಕ್ಕಿದೆ, ಅದನ್ನೇ ಅಂಟಿಸಿದೆ. ಶಂಕರ್ ನಾಗ್ ಅವರದು ಧಾರಾವಾಹಿ, ಶೋಸ್ ಲೈಬ್ರರಿಗೆ ಹೋಗಬೇಕು. ಅಲ್ಲಿ ಸೀಸನ್ ಫೋಲ್ಡರ್ ಮಾಡಿ, ಕಂತುಗಳಿಗೆ ಸೀಸನ್ ಮತ್ತು ಕಂತಿನ ನಂಬರು ಕೊಡಿ.

ಗುಬ್ಬಿಗೇಟ್:
ಅಬ್ಬಾ! ನಾಗರಹಾವು ಮೂರೂ ಬೇರೆಯಾದವು. ಪುಟ್ಟಣ್ಣನವರ ಸಿನಿಮಾಕ್ಕೆ ಅದರದ್ದೇ ಪೋಸ್ಟರ್ ಬಂತು. ಮಾಲ್ಗುಡಿ ಡೇಸ್ ಕೂಡ ಸರಿಹೋಯಿತು.

ಕ್ಯಾಲಿಬರ್ ವಿಷಯ ಹೇಳಿ ಅಣ್ಣ. ಮಯೂರ ಎಲ್ಲಿ ಹೋಯಿತು?

ಹಳೇಡ್ರೈವ್:
ಅದಕ್ಕೂ ಮುಂಚೆ ಮಯೂರ ಅನ್ನುವ ಹೆಸರಿನಲ್ಲಿ ಬೇರೆ ಏನಾದರೂ ಸೇರಿಸಿದ್ದಿರಾ? ಲೇಖಕರ ಜಾಗದಲ್ಲಿ ಏನು ಹಾಕಿದ್ದಿರಿ?

ಗುಬ್ಬಿಗೇಟ್:
ಮಯೂರ ಮಾಸಪತ್ರಿಕೆಯ ಹಳೇ ಸಂಚಿಕೆಗಳನ್ನು ಸೇರಿಸಿದ್ದೆವು. ಲೇಖಕರ ಜಾಗ ಎಲ್ಲದಕ್ಕೂ ಖಾಲಿ. ಈಗ ನೋಡಿದರೆ ಸಂಚಿಕೆಗಳಲ್ಲೂ ಒಂದೇ ಒಂದು ಉಳಿದಿದೆ.

ಹಳೇಡ್ರೈವ್:
ಹಾಗಾದರೆ ಕಾರಣ ಇದೇ. ಕ್ಯಾಲಿಬರ್‌ನ ಪ್ರಿಫರೆನ್ಸಸ್‌ನಲ್ಲಿ ಪುಸ್ತಕ ಸೇರಿಸುವ ಭಾಗಕ್ಕೆ ಹೋಗಿ. ಅಲ್ಲಿ ಆಟೋ-ಮರ್ಜ್ ಅಂತ ಒಂದು ಆಯ್ಕೆ ಇದೆ. ಅದು ಆನ್ ಆಗಿದ್ದರೆ ಶೀರ್ಷಿಕೆ ಮತ್ತು ಲೇಖಕರ ಹೆಸರು ಎರಡೂ ಹೊಂದಿದ ಪುಸ್ತಕವನ್ನು ಹೊಸದಾಗಿ ಸೇರಿಸುವುದಿಲ್ಲ, ಇರುವುದರ ಜೊತೆಗೆ ಕೂಡಿಸುತ್ತದೆ. ಲೇಖಕರ ಜಾಗ ಖಾಲಿ ಬಿಟ್ಟರೆ ಕ್ಯಾಲಿಬರ್ ತಾನೇ "ಅನ್‌ನೋನ್" ಅಂತ ತುಂಬುತ್ತದೆ. ಅಂದರೆ ನಿಮ್ಮ ಕಾದಂಬರಿಗೂ ಮಾಸಪತ್ರಿಕೆಗೂ ಶೀರ್ಷಿಕೆ ಒಂದೇ, "ಲೇಖಕರೂ" ಒಬ್ಬರೇ ಆದರು! ಮೊದಲು ಸೇರಿದ್ದೂ ಪಿಡಿಎಫ್, ಆಮೇಲೆ ಬಂದದ್ದೂ ಪಿಡಿಎಫ್. ನಕಲು ಬಂದರೆ ಕಡೆಗಣಿಸು ಅಂತ ಸೆಟ್ ಆಗಿದ್ದರೆ ಎರಡನೆಯದನ್ನು ಸುಮ್ಮನೆ ಬಿಟ್ಟುಬಿಡುತ್ತದೆ.

ಗಾಬರಿ ಬೇಡ. ಕ್ಯಾಲಿಬರ್ ತನ್ನ ಲೈಬ್ರರಿಗೆ ಪ್ರತಿ ಮಾಡಿಕೊಳ್ಳುತ್ತದೆ, ನಿಮ್ಮ ಮೂಲ ಫೈಲ್ ಸ್ಕ್ಯಾನ್ ಮಾಡಿಟ್ಟ ಜಾಗದಲ್ಲೇ ಇರುತ್ತದೆ. ಆಟೋ-ಮರ್ಜ್ ಆಫ್ ಮಾಡಿ, ಲೇಖಕರ ಹೆಸರು ತುಂಬಿ, ಮತ್ತೆ ಸೇರಿಸಿ. ಮಾಸಪತ್ರಿಕೆಯ ಶೀರ್ಷಿಕೆಯಲ್ಲಿ ತಿಂಗಳು, ವರ್ಷ ಇರಲಿ. ಲೇಖಕರ ಜಾಗದಲ್ಲಿ "ಮಾಸಪತ್ರಿಕೆ" ಅಂತ ಹಾಕಿದರೂ ಸಾಕು.

ಲೈಬ್ರರಿ_ಕೋಲಾರ:
ಕೋಲಾರದಲ್ಲಿ ಗ್ರಂಥಾಲಯದ ಕೆಲಸ ನನ್ನದು, ಅದಕ್ಕೇ ನಡುವೆ ಬಾಯಿ ಹಾಕುತ್ತಿದ್ದೇನೆ. ತಟ್ಟೆಇಡ್ಲಿಯವರ ಸಲಹೆಗೆ ನನ್ನ ತಕರಾರು ಇದೆ. ಪುಸ್ತಕದ ಮೇಲೆ ಏನು ಅಚ್ಚಾಗಿದೆಯೋ ಶೀರ್ಷಿಕೆ ಅಷ್ಟೇ ಇರಲಿ. "ಪರ್ವ ಕಾದಂಬರಿ" ಅನ್ನುವ ಪುಸ್ತಕವನ್ನು ಯಾರೂ ಬರೆದಿಲ್ಲ. ಲೈಬ್ರರಿಗಳಲ್ಲಿ ಹೆಸರುಗಳು ಡಿಕ್ಕಿ ಹೊಡೆದಾಗ ಶೀರ್ಷಿಕೆಯನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಗುರುತು ಸೇರಿಸುತ್ತೇವೆ: ಯಾವ ಬಗೆಯ ಕೃತಿ, ಯಾವ ವರ್ಷದ್ದು, ಎಲ್ಲಿಯದು. ಅಷ್ಟರಲ್ಲೂ ಬಗೆಹರಿಯದಿದ್ದರೆ ಬೇರೆ ಯಾವುದಾದರೂ ವಿವರ. ಜೆಲ್ಲಿಫಿನ್‌ಗೆ ಫೋಲ್ಡರ್ ಹೆಸರಿನಲ್ಲೇ ವರ್ಷ ಬೇಕು, ಸರಿ. ಕ್ಯಾಲಿಬರ್‌ಗೆ ಆ ಕಷ್ಟ ಇಲ್ಲ. ನಿಮಗೆ ಬೇಕಾದ ಕಾಲಂ ನೀವೇ ಮಾಡಿಕೊಳ್ಳಬಹುದು. "ಬಗೆ" ಅಂತ ಒಂದು, "ಮೂಲ" ಅಂತ ಒಂದು ಮಾಡಿ.

ಎರಡನೆಯದು ಯಾಕೆ ಅಂದರೆ, ಒಂದೇ ಹೆಸರಿನವೆಲ್ಲ ನೆಂಟರಲ್ಲ. ಪರ್ವವನ್ನೇ ನೋಡಿ. ಭೈರಪ್ಪನವರ ಕಾದಂಬರಿ 1979ರದ್ದು. ಮೈಸೂರು ರಂಗಾಯಣದಲ್ಲಿ ಪ್ರಕಾಶ್ ಬೆಳವಾಡಿ ನಿರ್ದೇಶಿಸಿದ ಪರ್ವ ಅದೇ ಕಾದಂಬರಿಯ ನಾಟಕ. ವಿಷ್ಣುವರ್ಧನ್ ಅವರ 2002ರ ಪರ್ವಕ್ಕೂ ಇವೆರಡಕ್ಕೂ ಸಂಬಂಧವೇ ಇಲ್ಲ. ನಾಗರಹಾವು ಕೂಡ ಹಾಗೆಯೇ. 1972ರ ಸಿನಿಮಾ ತರಾಸು ಅವರ ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ ಈ ಮೂರು ಕಾದಂಬರಿಗಳಿಂದ ಹುಟ್ಟಿದ್ದು. 2002ರದ್ದು ಹಿಂದಿಯ ಬಾಜಿಗರ್‌ನ ರೀಮೇಕ್. 2016ರದ್ದರಲ್ಲಿ ವಿಷ್ಣುವರ್ಧನ್ ಅವರನ್ನು ಗ್ರಾಫಿಕ್ಸ್‌ನಲ್ಲಿ ತೋರಿಸಿದರು, ಆದರೆ ಕಥೆಗೆ ತರಾಸು ಕಾದಂಬರಿಯ ಸಂಬಂಧ ಇಲ್ಲ. ಓದುವ ಕೋಣೆಗೆ ಬಂದ ಹುಡುಗರು "ಈ ಸಿನಿಮಾದ ಪುಸ್ತಕ ಕೊಡಿ" ಅಂದರೆ ನಿಮ್ಮ ಪಟ್ಟಿ ಉತ್ತರ ಕೊಡಬೇಕಲ್ವಾ?

ಮೈಸೂರು ಮಲ್ಲಿಗೆ ಇನ್ನೊಂದು ಥರ. ಕೆ.ಎಸ್. ನರಸಿಂಹಸ್ವಾಮಿಯವರ ಕವನ ಸಂಕಲನ 1942ರದ್ದು. ನಾಗಾಭರಣ ಅವರ 1992ರ ಸಿನಿಮಾದಲ್ಲಿ ಆ ಕವಿತೆಗಳೇ ಹಾಡಾಗಿವೆ. ಹಾಡಿನ ಸಿಡಿ ನಿಮ್ಮಲ್ಲಿದ್ದರೆ ಅದಕ್ಕೂ ಮೂಲ ಅದೇ ಪುಸ್ತಕ.

ತಟ್ಟೆಇಡ್ಲಿ:
ಒಪ್ಪಿದೆ ಮೇಡಂ. ಆದರೆ ಮೂಲ ಕಾಲಂನಲ್ಲೂ "ಪರ್ವ" ಅಂತಲೇ ಬರೆದರೆ ಯಾವ ಪರ್ವ ಅಂತ ಹೇಗೆ ಗೊತ್ತಾಗಬೇಕು?

ಲೈಬ್ರರಿ_ಕೋಲಾರ:
ಒಳ್ಳೇ ಪ್ರಶ್ನೆ. ಅಲ್ಲಿ ಹೆಸರಿನ ಬದಲು ನಂಬರು ಬಳಸಿ. ವಿಕಿಪೀಡಿಯದವರದೇ ಮಾಹಿತಿ ಕೋಶವಾದ ವಿಕಿಡೇಟಾದಲ್ಲಿ ಸೇರಿರುವ ಪ್ರತಿ ಕೃತಿಗೂ ಕ್ಯೂ ಅಕ್ಷರದಿಂದ ಶುರುವಾಗುವ ಒಂದು ನಂಬರು ಇರುತ್ತದೆ. ಕಾದಂಬರಿಗೆ ಒಂದು, ಸಿನಿಮಾಕ್ಕೆ ಇನ್ನೊಂದು. ಯಾವುದರ ಮೇಲೆ ಆಧರಿಸಿದ್ದು ಅಂತ ಹೇಳಲು ಪಿ144 ಅನ್ನುವ ಗುಣವೇ ಅಲ್ಲಿದೆ. ವಿಕಿಡೇಟಾದಲ್ಲಿ ಇಲ್ಲದ ಕೃತಿಗೆ ನಿಮ್ಮದೇ ರಿಜಿಸ್ಟರ್ ನಂಬರು ಕೊಡಿ. ಕ್ಯಾಲಿಬರ್ ಕೂಡ ಒಳಗೊಳಗೇ ಹೀಗೇ ಮಾಡುತ್ತದೆ. ಪ್ರತಿ ಪುಸ್ತಕದ ಫೋಲ್ಡರ್ ಹೆಸರಿನ ಕೊನೆಯಲ್ಲಿ ಬ್ರಾಕೆಟ್‌ನಲ್ಲಿ ಒಂದು ನಂಬರು ಕಾಣುತ್ತದೆ, ಅದೇ ಆ ಪುಸ್ತಕದ ಗುರುತು.

ಹಳೇಡ್ರೈವ್:
ಚೋಮನ ದುಡಿ ಮರೆತೇಹೋಗಿತ್ತು. ಸಿನಿಮಾದ ಫೈಲ್ ಎಲ್ಲಿಂದ ಬಂದದ್ದು? ಮ್ಯಾಕ್ ಕಂಪ್ಯೂಟರ್‌ನಿಂದಲಾ?

ಗುಬ್ಬಿಗೇಟ್:
ಹೌದು! ಸಂಘದ ಹಿರಿಯರೊಬ್ಬರ ಮಗಳು ತನ್ನ ಹಳೇ ಮ್ಯಾಕ್‌ನ ಹಾರ್ಡ್‌ಡಿಸ್ಕ್ ಕೊಟ್ಟಿದ್ದರು. ನಿಮಗೆ ಹೇಗೆ ಗೊತ್ತಾಯಿತು?

ಹಳೇಡ್ರೈವ್:
"ಚೋ" ಅಕ್ಷರವನ್ನು ನೋಡಿ ಊಹಿಸಿದೆ. ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ, ಊಕಾರದ ಗುರುತು, ದೀರ್ಘ ಅಂತ ಮೂರು ತುಂಡು ಮಾಡಿ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೇ ಮ್ಯಾಕ್ ಡಿಸ್ಕ್‌ಗಳಲ್ಲಿ ಬಳಸುತ್ತಿದ್ದ ಎಚ್‌ಎಫ್‌ಎಸ್ ಪ್ಲಸ್ ಅನ್ನುವ ಫೈಲ್ ವ್ಯವಸ್ಥೆ, ಫೈಲ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತದೆ. ಉಬುಂಟುವಿಗೆ ಅವೆರಡೂ ಬೇರೆ ಬೇರೆ ಹೆಸರು. ಒಂದೇ ಫೋಲ್ಡರ್‌ನಲ್ಲಿ ಎರಡನ್ನೂ ಇಟ್ಟರೂ ತಕರಾರು ಮಾಡುವುದಿಲ್ಲ. ನೀವು ಕೀಬೋರ್ಡ್‌ನಲ್ಲಿ ಒತ್ತುವುದು ಒಂದೇ ಸಂಕೇತದ "ಚೋ", ಅದಕ್ಕೇ ಅದು ಮಾತ್ರ ಸಿಗುತ್ತದೆ. ಅಂದರೆ ನಾಗರಹಾವಿನಲ್ಲಿ ಬೇರೆಯವೆಲ್ಲ ಒಂದಾದವು, ಇಲ್ಲಿ ಒಂದೇ ಹೆಸರು ಎರಡಾಗಿದೆ.

ಕನ್ವ್‌ಎಂವಿ ಅನ್ನುವ ಸಣ್ಣ ತಂತ್ರಾಂಶ ಹಾಕಿಕೊಳ್ಳಿ. ಯುಟಿಎಫ್8ನಿಂದ ಯುಟಿಎಫ್8ಗೆ, ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ಅಂತ ಆಯ್ಕೆ ಕೊಟ್ಟು ಓಡಿಸಿ. ಮೊದಲ ಸಲ ಅದು ಏನನ್ನೂ ಬದಲಿಸುವುದಿಲ್ಲ, ಏನು ಬದಲಾಗುತ್ತದೆ ಅಂತ ತೋರಿಸುತ್ತದೆ ಅಷ್ಟೇ. ಪಟ್ಟಿ ನೋಡಿ ಸರಿ ಅನ್ನಿಸಿದ ಮೇಲೆ ನೋಟೆಸ್ಟ್ ಆಯ್ಕೆ ಸೇರಿಸಿ ಮತ್ತೆ ಓಡಿಸಿ. ಬ್ಯಾಕಪ್ ಇಲ್ಲದೆ ಮಾಡಬೇಡಿ, ಪುಣ್ಯಾತ್ಮರೇ.

ಗುಬ್ಬಿಗೇಟ್:
ಬ್ಯಾಕಪ್ ಮಾಡಿಯೇ ಓಡಿಸಿದೆ. ಚೋಮನ ದುಡಿ ಸಿಕ್ಕಿತು, 1975ರ ಸಿನಿಮಾ, 1933ರ ಕಾದಂಬರಿ ಎರಡೂ. ಅದರ ಜೊತೆ "ಗೋ", "ದೋ", "ಕೋ" ಇದ್ದ ಎಷ್ಟೋ ಫೈಲ್ ಹುಡುಕಾಟಕ್ಕೆ ಬಂದವು. ಮಯೂರವೂ ವಾಪಸ್ ಬಂತು. ರಾಜ್‌ಕುಮಾರ್ ಅವರ 1975ರ ಮಯೂರಕ್ಕೆ ದೇವುಡು ಕಾದಂಬರಿಯನ್ನೇ ಮೂಲ ಅಂತ ಹಾಕಿದ್ದೇನೆ.

ಈಗ ಉಳಿದಿರುವುದು ಕುರುಕ್ಷೇತ್ರ. 2019ರ ದರ್ಶನ್ ಸಿನಿಮಾ ಒಂದೇ ಒಂದು, ಅದು ಸುಲಭ. ಆದರೆ ಹಳ್ಳಿ ನಾಟಕದ ಕ್ಯಾಸೆಟ್‌ಗಳಲ್ಲಿ ಮುಕ್ಕಾಲು ಪಾಲು ಕುರುಕ್ಷೇತ್ರವೇ! ನಮ್ಮ ಕಡೆ ಗೊತ್ತಲ್ಲ, ಜಾತ್ರೆ ಬಂತು ಅಂದರೆ ಕುರುಕ್ಷೇತ್ರ. ಬಗೆ ಒಂದೇ, ಹೆಸರು ಒಂದೇ, ಎಷ್ಟರ ಮೇಲೋ ವರ್ಷವೇ ಬರೆದಿಲ್ಲ. ಜೆಲ್ಲಿಫಿನ್ ಎಲ್ಲದಕ್ಕೂ ದರ್ಶನ್ ಪೋಸ್ಟರ್ ಅಂಟಿಸುತ್ತಿದೆ.

ತಟ್ಟೆಇಡ್ಲಿ:
ಎಲ್ಲಾ ಊರಿನ ದುರ್ಯೋಧನನಿಗೂ ದರ್ಶನ್ ಮುಖ! ನಮ್ಮೂರ ದುರ್ಯೋಧನನ ಪಾತ್ರಧಾರಿಗೆ ಹೇಳಿದರೆ ಖುಷಿಪಡುತ್ತಾರೆ, ಸರಿ ಮಾಡಬೇಡಿ.

ಹಳೇಡ್ರೈವ್:
ನಾಟಕಗಳಿಗೆ ಬೇರೆ ಲೈಬ್ರರಿ ಮಾಡಿ. ಬಗೆ ಕೇಳಿದಾಗ ಹೋಮ್ ವಿಡಿಯೋಸ್ ಅಂತ ಆರಿಸಿ. ಆಗ ಇಂಟರ್‌ನೆಟ್‌ನಲ್ಲಿ ಪೋಸ್ಟರ್ ಹುಡುಕುವ ಗೋಜಿಗೇ ಹೋಗುವುದಿಲ್ಲ.

ಲೈಬ್ರರಿ_ಕೋಲಾರ:
ವರ್ಷ ಇಲ್ಲದಿದ್ದರೆ ಊರು. ಒಂದೇ ಊರಿನವು ಎರಡಿದ್ದರೆ ಹಾರ್ಮೋನಿಯಂ ಮೇಷ್ಟ್ರು ಯಾರು ಅನ್ನುವುದು. ಗುಬ್ಬಿ ಕಂಪನಿಯ ಕುರುಕ್ಷೇತ್ರ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದದ್ದಕ್ಕೆ ಹೆಸರಾಗಿತ್ತು, ನಾಟಕವನ್ನು ಕಂಪನಿಯ ಹೆಸರಿನಿಂದಲೇ ಗುರುತಿಸುತ್ತಿದ್ದರು. ಹಳ್ಳಿಗಳಲ್ಲಿ ಕಂಪನಿ ಇಲ್ಲ, ಕಲಿಸಿದ ಮೇಷ್ಟ್ರ ಹೆಸರಿನಿಂದ ಜನ ಗುರುತಿಸುತ್ತಾರೆ. ವರ್ಷ ಊಹೆ ಮಾಡಿ ಹಾಕಬೇಡಿ. ಖಾಲಿ ಇದ್ದರೆ ಮುಂದೆ ಯಾರಾದರೂ ತುಂಬುತ್ತಾರೆ, ತಪ್ಪು ವರ್ಷವನ್ನು ಯಾರೂ ತಿದ್ದುವುದಿಲ್ಲ. ಕ್ಯಾಸೆಟ್ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದದ್ದು ಏನಿದ್ದರೂ ಫೋಟೋ ತೆಗೆದು ಅದೇ ಫೋಲ್ಡರ್‌ನಲ್ಲಿಡಿ.

ಗುಬ್ಬಿಗೇಟ್:
ಸರಿ ಮೇಡಂ. ಊರು, ಮೇಷ್ಟ್ರು ಹಾಕಿ ಹೆಸರು ಬದಲಿಸುತ್ತಿದ್ದೇನೆ. ಎರಡೂ ಬರೆಯದೇ ಇರುವ ಕ್ಯಾಸೆಟ್‌ಗಳನ್ನು ಸಂಘದ ಹಿರಿಯರಿಗೆ ಕೇಳಿಸುತ್ತಿದ್ದೇವೆ. ಕೃಷ್ಣನ ಪಾತ್ರಧಾರಿ ಒಂದು ಕಂದ ಹಾಡುವಷ್ಟರಲ್ಲಿ ಯಾವ ಮೇಷ್ಟ್ರ ಪಾಠ ಅಂತ ಹೇಳಿಬಿಡುತ್ತಾರೆ.

ಹಾಡಿನ ಸಿಡಿಗಳಲ್ಲೂ ಇದೇ ಗೋಳು. ವಿಜಯಭಾಸ್ಕರ್ ಅವರ ನಾಗರಹಾವು, ಗುರುಕಿರಣ್ ಅವರ ನಾಗರಹಾವು ಒಂದೇ ಆಲ್ಬಂ ಆಗಿ ಕೂತಿವೆ. ಆಲ್ಬಂ ಆರ್ಟಿಸ್ಟ್ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿದರೆ ಸಾಕಾ, ವರ್ಷವೂ ಬೇಕಾ?

ಹಳೇಡ್ರೈವ್:
ಎರಡೂ ಹಾಕಿ. ಫೋಲ್ಡರ್ ಕೂಡ ಬೇರೆ ಬೇರೆ ಇರಲಿ. ಫೈಲ್ ಹೆಸರು ಬದಲಿಸಿದರೆ ಸಾಲದು, ಫೈಲ್‌ನ ಒಳಗೇ ಬರೆದಿಟ್ಟ ವಿವರ, ಅಂದರೆ ಟ್ಯಾಗ್, ಬದಲಾಗಬೇಕು. ಪಿಕಾರ್ಡ್ ಅನ್ನುವ ತಂತ್ರಾಂಶದಲ್ಲಿ ಇಡೀ ಆಲ್ಬಂ ಆರಿಸಿ ಒಂದೇ ಸಲಕ್ಕೆ ಮಾಡಬಹುದು.