ಸ್ಟುಡಿಯೋಗೆ ಗಿರಾಕಿ ಬರೋದು ಹೇಗೆ? ಇವತ್ತಿನ ಪ್ರಶ್ನೋತ್ತರ

ಅಡ್ಮಿನ್: ಲೋಕಲ್ ಲಿಸ್ಟಿಂಗ್ (ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಕಾಣುವಂತೆ ಮಾಡುವುದು), ಜಾಹೀರಾತಿನ ಕೆಲಸ ಮಾಡುವ ಮೇಡಂ ಇವತ್ತು ಗುಂಪಿನಲ್ಲಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಮೇಲಿನದನ್ನು ಓದಿ, ಆಮೇಲೆ ಕೇಳಿ.

ಮೂರನೇ ಕಣ್ಣು: ನಮಸ್ತೆ ಮೇಡಂ. ಮ್ಯಾಪ್‌ನಲ್ಲಿ ಫೋಟೋಗ್ರಾಫರ್ ಅಂತ ಹುಡುಕಿದರೆ ನಮ್ಮ ಸ್ಟುಡಿಯೋ ಮೊದಲು ಬರಬೇಕು. ಏನು ಮಾಡಲಿ?

ಮೇಡಂ: ನಮಸ್ತೆ ಸರ್. ಗೂಗಲ್ ನೋಡುವುದು ಮೂರು: ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರಿದೆ. ದೂರ ನಿಮ್ಮ ಕೈಯಲ್ಲಿಲ್ಲ. ಮದುವೆ ಕೆಲಸವೇ ಹೆಚ್ಚಿದ್ದರೆ ನಿಮ್ಮ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ (ಮ್ಯಾಪ್‌ನಲ್ಲಿ ಕಾಣುವ ಸ್ಟುಡಿಯೋ ಪುಟ) ಮುಖ್ಯ ಕೆಟಗರಿಯಲ್ಲಿ ಬರೀ ಫೋಟೋಗ್ರಾಫರ್ ಬೇಡ, ವೆಡ್ಡಿಂಗ್ ಫೋಟೋಗ್ರಾಫರ್ ಅಂತಲೇ ಆರಿಸಿ. ಜೊತೆಗೆ ಇನ್ನೂ 9 ಸೇರಿಸಬಹುದು, ನಿಜಕ್ಕೂ ಮಾಡುವುದನ್ನು ಮಾತ್ರ. ಇನ್ನೊಂದು, ಸ್ಟುಡಿಯೋದಲ್ಲೇ ಕೂತು ಹುಡುಕಿ ಖುಷಿಪಡಬೇಡಿ. ಅಲ್ಲಿಂದ ನೀವೇ ಹತ್ತಿರ!

ಬೆಳಕಿಂಡಿ: ಮೇಡಂ, ಒಂದು ಫಾರ್ವರ್ಡ್ ನೋಡಿ ಪ್ರೊಫೈಲ್ ಹೆಸರಿಗೆ ‘ಬೆಸ್ಟ್ ವೆಡ್ಡಿಂಗ್ ಬೇಬಿ ಕ್ಯಾಂಡಿಡ್ ಫೋಟೋಗ್ರಾಫರ್’ ಅಂತ ಸೇರಿಸಿದ್ದೆ. ಕೆಲಸ ಮನೆಯಿಂದ, ಆದರೆ ಕೊಟ್ಟ ವಿಳಾಸ ಪೇಟೆಯ ಬಾಡಿಗೆ ಡೆಸ್ಕಿನದು. ಈಗ ಸಸ್ಪೆಂಡ್. 84 ರಿವ್ಯೂ ಇದ್ದವು. ಹೊಸ ಪ್ರೊಫೈಲ್ ಮಾಡಿಬಿಡಲಾ?

ಮೇಡಂ: ಬೇಡ, ದಯವಿಟ್ಟು ಬೇಡ. ಹೊಸದಕ್ಕೆ ಹಳೆಯ ರಿವ್ಯೂ ಬರಲ್ಲ, ಅದೂ ಡೂಪ್ಲಿಕೇಟ್ ಅಂತ ಹೋಗಬಹುದು. ಪ್ರೊಫೈಲ್ ವಾಪಸ್ ಕೊಡಿ ಅಂತ ಗೂಗಲ್‌ಗೆ ಅಪೀಲ್ ಕೂಡ ಈಗಲೇ ಹಾಕಬೇಡಿ. ತಪ್ಪು ಹಾಗೇ ಇಟ್ಟುಕೊಂಡು ಅಪೀಲ್ ಹಾಕಿದರೆ ತಿರಸ್ಕಾರ ಖಚಿತ ಅಂತಲೇ ತಿಳಿಯಿರಿ.

ಮೊದಲು ಹೆಸರು. ಬೋರ್ಡ್, ಬಿಲ್ ಪುಸ್ತಕ, ವೆಬ್‌ಸೈಟ್‌ನಲ್ಲಿ ಏನಿದೆಯೋ ಅಷ್ಟೇ ಇರಲಿ. ಆಮೇಲೆ ವಿಳಾಸ. ನಿಮ್ಮ ಬೋರ್ಡಿಲ್ಲದ, ನಿಮ್ಮವರು ಯಾರೂ ಕೂರದ ಡೆಸ್ಕ್ ನಿಯಮಕ್ಕೆ ಹೊಂದಲ್ಲ. ಮನೆ ವಿಳಾಸ ಕೊಡಿ. ಗಿರಾಕಿ ಮನೆಗೆ ಬರಲ್ಲ ಅಂದರೆ ಅದನ್ನು ಮರೆಮಾಡಿ, ನೀವು ಹೋಗಿ ಶೂಟ್ ಮಾಡುವ ಪ್ರದೇಶಗಳನ್ನು ಹಾಕಿ. 20ರವರೆಗೆ ಹಾಕಬಹುದು, ಸುಮಾರು ಎರಡು ಗಂಟೆ ಡ್ರೈವ್‌ನೊಳಗೆ ಇರಲಿ.

ಹೆಚ್ಚಿನವರು ಎಡವುವುದು ದಾಖಲೆಯಲ್ಲಿ. ನೋಂದಣಿ ಪತ್ರ ಒಂದು ಹೆಸರಲ್ಲಿ, ಕರೆಂಟ್ ಬಿಲ್ ಇನ್ನೊಂದು ಹೆಸರಲ್ಲಿ, ಪ್ರೊಫೈಲ್ ಮೂರನೆಯದರಲ್ಲಿ. ಹೆಸರು, ವಿಳಾಸ ಮೂರರಲ್ಲೂ ತಾಳೆಯಾಗಬೇಕು. ಎಲ್ಲ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರಿಗೆ ಹಾಕಿದ ಮೇಲೆಯೇ ಅಪೀಲ್‌ಗೆ ಕೈ ಹಾಕಿ. ದಾಖಲೆಯ ಫಾರ್ಮ್ ತೆರೆದರೆ ಸಿಗುವುದು 60 ನಿಮಿಷ, ಅಷ್ಟೇ. ಗೂಗಲ್ ವಿಡಿಯೋ ಕೇಳಿದರೆ ಬೀದಿಯ ಫಲಕ, ಕ್ಯಾಮೆರಾ ಸಾಮಾನು, ನೀವೇ ಬೀಗ ತೆಗೆಯುವುದು, ಎಲ್ಲ ಒಂದೇ ಟೇಕ್‌ನಲ್ಲಿ. ಎಡಿಟ್ ಇಲ್ಲ. ಕಲರ್ ಗ್ರೇಡಿಂಗಂತೂ ಬೇಡವೇ ಬೇಡ. ಪ್ರೊಫೈಲ್ ವಾಪಸ್ ಬಂದರೆ ಸಾಮಾನ್ಯವಾಗಿ ರಿವ್ಯೂಗಳೂ ಬರುತ್ತವೆ.

ಫ್ಲ್ಯಾಶ್ ಅಣ್ಣ: ಶಾಲೆಗಳ ಗ್ರೂಪ್ ಫೋಟೋ ಕೆಲಸ ಹಿಡಿಯುವುದು ಹೇಗೆ ಮೇಡಂ?

ಫಿಕ್ಸೆಡ್ 50: ಫೋಟೋ ಒಳಗೆ ಜಿಪಿಎಸ್ ತುಂಬಿ ಅಪ್‌ಲೋಡ್ ಮಾಡಿದರೆ ರ‍್ಯಾಂಕ್ ಏರುತ್ತಂತೆ. ಮೆಸೇಜ್ ಬಂದಿದೆ, ಇಲ್ಲಿ ಹಾಕಲಾ?

ಮೇಡಂ: ಹಾಕಬೇಡಿ. ಅದಕ್ಕೆ ಆಧಾರವಿಲ್ಲ. ವೆಬ್‌ಸೈಟಿಗೆ ಹಾಗೇ ಹಾಕಿದರೆ ಗಿರಾಕಿ ಮನೆಯ ಲೊಕೇಶನ್ ಊರಿಗೆಲ್ಲ ಗೊತ್ತಾಗುತ್ತೆ. ಎಕ್ಸ್‌ಪೋರ್ಟ್ ಮಾಡುವಾಗಲೇ ಜಿಪಿಎಸ್ ತೆಗೆಯಿರಿ.

ರೀಲ್ ರಾಜ: ಗುಂಪಿನವರೆಲ್ಲ ಒಬ್ಬರಿಗೊಬ್ಬರು 5 ಸ್ಟಾರ್ ಕೊಟ್ಟುಕೊಂಡರೆ ಹೇಗೆ?

ಮೇಡಂ: ಎಲ್ಲರ ರಿವ್ಯೂನೂ ಒಟ್ಟಿಗೆ ಅಳಿಸಿಹೋಗಲಿ ಅಂತಲಾ? ರಿವ್ಯೂಗೆ ಡಿಸ್ಕೌಂಟ್ ಕೊಡುವುದೂ ನಿಷಿದ್ಧ, ಖುಷಿಯಾದವರನ್ನೇ ಆರಿಸಿ ಕೇಳುವುದೂ ನಿಷಿದ್ಧ. ಗ್ಯಾಲರಿ ಕಳಿಸಿದ ದಿನ ಎಲ್ಲರಿಗೂ ಒಂದೇ ಲಿಂಕ್ ಕಳಿಸಿ.

ಪಿಕ್ಸೆಲ್ ಅಕ್ಕ: ನನ್ನ ವೆಬ್‌ಸೈಟ್ ತೆರೆಯೋಕೇ ಯುಗ ಬೇಕು. ಬಣ್ಣವೂ ಪೇಲವ.

ಮೇಡಂ: ಕ್ಯಾಮೆರಾದ ಪೂರ್ಣ ಸೈಜ್ ಫೈಲನ್ನೇ ಹಾಕಿರುತ್ತೀರಿ. ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಕ್ವಾಲಿಟಿ 75ರಿಂದ 80, ಒಂದೊಂದು ಫೋಟೋ 500 ಕೆಬಿ ಒಳಗೆ. ಬಣ್ಣಕ್ಕೆ ಎಸ್‌ಆರ್‌ಜಿಬಿ (ವೆಬ್‌ಗೆ ಹೊಂದುವ ಬಣ್ಣದ ಸೆಟ್ಟಿಂಗ್) ಆರಿಸಿ, ಈಗ ಅಡೋಬ್ ಆರ್‌ಜಿಬಿಯಲ್ಲೇ ಬಿಟ್ಟಿರುತ್ತೀರಿ. ಮುಖಪುಟಕ್ಕೆ 15-20 ಫೋಟೋ ಸಾಕು, 200 ಬೇಡ.

ರೀಲ್ ರಾಜ: ವೆಬ್‌ಸೈಟಲ್ಲಿ ರೇಟ್ ಹಾಕಬಾರದು. ಫೋನ್ ಮಾಡಿಸಬೇಕು, ಆಗ ಮಾತಾಡಿ ಒಪ್ಪಿಸಬಹುದು.

ಪಿಕ್ಸೆಲ್ ಅಕ್ಕ: ರೇಟ್ ಇಲ್ಲದಿದ್ದರೆ ಅರ್ಧ ಜನ ಫೋನೇ ಮಾಡಲ್ಲ, ಪಕ್ಕದವರ ಹತ್ರ ಹೋಗ್ತಾರೆ.

ರೀಲ್ ರಾಜ: ರೇಟ್ ನೋಡಿ ಬರೋರು ಚೌಕಾಸಿ ಗಿರಾಕಿಗಳು.

ಪಿಕ್ಸೆಲ್ ಅಕ್ಕ: ಬಿಟ್ಟಿ ಶೂಟ್ ಆಫರ್ ಹಾಕೋರು ಚೌಕಾಸಿ ಬಗ್ಗೆ ಹೇಳಬೇಕಾ?

ರೀಲ್ ರಾಜ: ಅದು ಪೋರ್ಟ್‌ಫೋಲಿಯೋಗೆ. ಎಲ್ಲದಕ್ಕೂ ಮೂಗು ತೂರಿಸಬೇಡಿ.

ಮೇಡಂ: ‘ಇಷ್ಟರಿಂದ ಶುರು’ ಅಂತ ಒಂದು ಮೊತ್ತ, ಅದರಲ್ಲಿ ಎಷ್ಟು ಗಂಟೆ, ಎಡಿಟ್ ಆದ ಎಷ್ಟು ಫೋಟೋ, ಎಷ್ಟು ದಿನದಲ್ಲಿ ಕೈಗೆ. ಇಷ್ಟು ಹಾಕಿ. ಉಳಿದ ಜಗಳ ಪರ್ಸನಲ್‌ನಲ್ಲಿ ಮುಗಿಸಿಕೊಳ್ಳಿ.

ಫ್ಲ್ಯಾಶ್ ಅಣ್ಣ: ಮೇಡಂ, ಶಾಲೆ ಪ್ರಶ್ನೆ ಕೇಳಿದ್ದೆ...

ಹೊಸ ಲೆನ್ಸ್: ಹಾಯ್, ಮ್ಯಾಪ್‌ನಲ್ಲಿ ಮೊದಲು ಬರೋಕೆ ಏನು ಮಾಡಬೇಕು?

ಮೇಡಂ: ಮೇಲೆ ಓದಿ.

ಹೊಸ ಲೆನ್ಸ್: ಓದೋಕೆ ಟೈಮ್ ಇಲ್ಲ, ಎರಡು ಸಾಲಲ್ಲಿ ಹೇಳಿ.

ಮೇಡಂ: ನನಗೂ ಇಲ್ಲ.

ಅಡ್ಮಿನ್: ಎಲ್ಲರೂ ಮರ್ಯಾದೆಯಿಂದ ಮಾತಾಡಿ. ರೀಲ್ ರಾಜ, ನೀವು ಹಾಕಿದ ಫಾರ್ವರ್ಡ್ ಡಿಲೀಟ್ ಮಾಡ್ತಿದ್ದೀನಿ.

ಬೆಳಕಿಂಡಿ: ಮೇಡಂ, ಹೆಸರು, ವಿಳಾಸ ಸರಿಮಾಡಿದೆ. ಅಪೀಲ್ ಹಾಕಿ ಫಾರ್ಮ್ ಕೂಡ ತೆರೆದೆ. ಆದರೆ ಕರೆಂಟ್ ಬಿಲ್ ಸ್ಕ್ಯಾನ್ ಮಾಡಿಲ್ಲ, ಸ್ಕ್ಯಾನರ್ ಕೆಟ್ಟಿದೆ.

ಮೇಡಂ: ಎಷ್ಟು ನಿಮಿಷ ಉಳಿದಿದೆ?

ಬೆಳಕಿಂಡಿ: 41.

ಮೇಡಂ: ಬಿಲ್ ಕಿಟಕಿ ಹತ್ತಿರ ಇಟ್ಟು ನೇರ ಮೇಲಿನಿಂದ ಫೋಟೋ ತೆಗೀರಿ. ಫೋಟೋಗ್ರಾಫರ್ ಅಲ್ವಾ ನೀವು!